ಓದುಗರ ಪ್ರಶ್ನೆ: ಪುಟ್ಟ ಲೇತಿಗೆ ಗುಜರಿ ಲೋಹ

ಪ್ರಶ್ನೆ: ಶಾಲೆಯಿಂದ ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಲೋಹವನ್ನು ತಿರುಗಿಸಿ ಕಡೆಯುವ ಪುಟ್ಟ ಲೇತ್ ಒಂದನ್ನು ಕೊಂಡಿದ್ದೇನೆ. ಉಗಿಯಂತ್ರದ ಚಿಕ್ಕ ಮಾದರಿಯೊಂದನ್ನು ಮಾಡಬೇಕೆಂಬ ಆಸೆಯಿದೆ. ಮೈಸೂರಿನ ಅಂಗಡಿಯಲ್ಲಿ ಹೊಸ ಸರಳು ಕೇಳಿದರೆ ಪೂರ್ತಿ ಉದ್ದವನ್ನೇ ಕೊಳ್ಳಬೇಕೆನ್ನುತ್ತಾರೆ. ಊರಿನ ಗುಜರಿ ಅಂಗಡಿಯಿಂದ ಜೀಪಿನ ಹಳೆಯ ಆ್ಯಕ್ಸಲ್ ಶಾಫ್ಟ್ ತಂದೆ. ಅದರ ಮೇಲೆ ಲೋಹ ಕತ್ತರಿಸುವ ಎರಡು ಟೂಲ್ ಬಿಟ್‌ಗಳು ಸುಟ್ಟುಹೋದವು. ಕೆಲಸಕ್ಕೆ ಬರುವ ಲೋಹ ಕೊಡಗಿನಲ್ಲಿ ಕಡಿಮೆ ಬೆಲೆಗೆ ಎಲ್ಲಿ ಸಿಕ್ಕೀತು?
– ಓದುಗರು, ಸೋಮವಾರಪೇಟೆ

ಉತ್ತರ: ಸುಟ್ಟ ಬಿಟ್‌ಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಶಾಫ್ಟ್ ಹೊಸ ಸರಳಿಗಿಂತ ದುಬಾರಿಯಾಗಿಯೇ ಬಿದ್ದಿರಬೇಕು. ಗುಜರಿಯಲ್ಲಿ ಬೆಲೆ ಕೇಳುವುದಕ್ಕೆ ಮೊದಲು, ಈ ವಸ್ತು ಹಿಂದೆ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕು. ಘಟ್ಟದ ದಾರಿಯಲ್ಲಿ ಎಂಜಿನ್ನಿನ ಬಲವನ್ನೆಲ್ಲ ಚಕ್ರಕ್ಕೆ ಸಾಗಿಸುವ ಆ್ಯಕ್ಸಲಿನ ಮೈಯನ್ನು ಕಾರ್ಖಾನೆಯಲ್ಲಿ ಬೇಕೆಂದೇ ಗಟ್ಟಿಗೊಳಿಸಿರುತ್ತಾರೆ. ಬೇರಿಂಗಿನ ಬಳೆ, ಲಾರಿಯ ಸ್ಪ್ರಿಂಗ್ ಪಟ್ಟಿ, ಹೈಡ್ರಾಲಿಕ್ ರಾಡಿನ ಕ್ರೋಮ್ ಮೈ ಇವೂ ಅದೇ ಜಾತಿಯವು. ಮನೆ ಕಟ್ಟುವಲ್ಲಿ ಬಿಟ್ಟಿಯಾಗಿ ಸಿಗುವ ಟಿಎಂಟಿ ಕಂಬಿಯ ತುಂಡುಗಳ ಆಸೆಯನ್ನೂ ಬಿಡಿ. ಅದರ ಹೊರಪದರ ಗಟ್ಟಿ, ಒಳಗು ಮೆದು, ಆದ್ದರಿಂದ ಟೂಲ್ ಒಂದೇ ಸಮನೆ ಕತ್ತರಿಸದು.

ನಿಮ್ಮ ಕೆಲಸಕ್ಕೆ ಒದಗುವುದು ಸುಟ್ಟ ಮೋಟರುಗಳ ಶಾಫ್ಟ್. ಅದು ಸಾಮಾನ್ಯವಾಗಿ ಮಧ್ಯಮ ಇಂಗಾಲದ, ಗಟ್ಟಿಗೊಳಿಸದ ಉಕ್ಕಾಗಿದ್ದು, ನಿಮ್ಮ ಯಂತ್ರದ ಅಚ್ಚಿಗೂ ಕ್ರ್ಯಾಂಕಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ಗುಜರಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಊರಿನ ಲೇತ್ ಶಾಪುಗಳಿಗೆ ಹೋಗಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮಳೆ ಹಿಂದೆ ಸರಿದು ಅರೇಬಿಕಾ ಕಾಫಿ ಹಣ್ಣಾಗುವುದರೊಳಗೆ ತೋಟದವರು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳನ್ನು ದುರಸ್ತಿಗೆ ತರುತ್ತಾರೆ. ಕಾಫಿ ಗಿಡ ಹೂ ಬಿಡಲೆಂದು ಹಾಯಿಸುವ ನೀರಿಗೆ ಮುಂಚೆ, ಜನವರಿಯ ಹೊತ್ತಿಗೆ, ಸ್ಪ್ರಿಂಕ್ಲರ್ ಪಂಪುಗಳು ಬರುತ್ತವೆ. ಆ ದಿನಗಳಲ್ಲಿ ಲೇತಿನ ಪಕ್ಕದ ಡಬ್ಬಿಯಲ್ಲಿ ಒಂದು ಗೇಣು, ಅರ್ಧ ಗೇಣಿನ ಸರಳು ತುಂಡುಗಳು ತುಂಬಿರುತ್ತವೆ. ಅವರಿಗೆ ಅವು ಉಪಯೋಗಕ್ಕೆ ಬಾರದಷ್ಟು ಗಿಡ್ಡ, ನಿಮಗೆ ಧಾರಾಳ. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದು ಎಂಎಸ್ (ಮೆದು ಉಕ್ಕು), ಯಾವುದು ಇಎನ್ 8 (ಮಧ್ಯಮ ಇಂಗಾಲದ ಉಕ್ಕು) ಎಂಬುದನ್ನು ಕೊಯ್ದವರೇ ಹೇಳಬಲ್ಲರು. ಗುಜರಿಯವರು ಗುಜರಿ ದರಕ್ಕೆ ಒಯ್ಯುವ ಆ ತುಂಡುಗಳಿಗೆ ಕೆಜಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಿಮಗೆ ಲಾಭವೇ. ತುಂಡುಗಳು ಕೈಗೆ ಬಂದ ದಿನವೇ ತುದಿಗೆ ಬಣ್ಣದ ಗುರುತು ಹಾಕಿ, ಎಣ್ಣೆ ಸವರಿಡಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಬೂಷ್ಟು ಹಿಡಿಯುವಾಗ ಬರಿಯ ಉಕ್ಕು ಉಳಿಯುವುದಿಲ್ಲ.

ಸಿಲಿಂಡರಿಗೆ ಗುಜರಿಯೇ ಸರಿ. ಹಳೆಯ ಚಿಕ್ಕ ಗೇಟ್ ವಾಲ್ವುಗಳ ಒಡಲು ಅನೇಕ ವೇಳೆ ತಾಮ್ರ, ತವರದ ಮಿಶ್ರಲೋಹವಾದ ಗನ್‌ಮೆಟಲ್ ಆಗಿರುತ್ತದೆ; ಉಗಿಯಂತ್ರದ ಸಿಲಿಂಡರಿಗೆ ಅದಕ್ಕಿಂತ ಒಳ್ಳೆಯ ಲೋಹವನ್ನು ನೀವು ಹುಡುಕಬೇಕಾಗಿಲ್ಲ. ಫ್ಲೈವೀಲಿಗೆ ಹಳೆಯ ಬೀಡಿನ (ಎರಕದ ಕಬ್ಬಿಣದ) ಪುಲ್ಲಿ ತನ್ನಿ. ಬೀಡಿನ ಹೊರಮೈ ಗಟ್ಟಿಯಾಗಿದ್ದು, ಎರಕದ ಮರಳೂ ಅದರಲ್ಲಿ ಸೇರಿರುವುದರಿಂದ, ಮೊದಲ ಕೊಯ್ತದಲ್ಲೇ ಟೂಲಿನ ಮೊನೆ ಆ ಪದರದ ಕೆಳಗೆ ಇಳಿಯಬೇಕು. ಅಂಜಿ ಅಂಜಿ ಕೆರೆದರೆ ಮೊನೆ ಹೋಗುತ್ತದೆ. ಪಲ್ಪರಿನ ಡ್ರಮ್ಮಿಗೆ ಸುತ್ತಿದ್ದ ತಾಮ್ರದ ತಗಡು ಸಿಕ್ಕಿದರೆ ಗ್ಯಾಸ್ಕೆಟ್‌ಗಳಿಗಾಯಿತು.

ಅಂಗಡಿಗೆ ಹೋಗುವಾಗ ಅಯಸ್ಕಾಂತ, ಹಳೆಯ ಅರ, ಅಳತೆಪಟ್ಟಿ ಈ ಮೂರು ಜೇಬಿನಲ್ಲಿರಲಿ. ಅರ ಕಚ್ಚದೆ ಜಾರಿದರೆ ಆ ತುಂಡನ್ನು ಅಲ್ಲೇ ಬಿಡಿ. ಮನೆಗೆ ತಂದ ಮೇಲೂ ಅನುಮಾನ ಉಳಿದರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ: ಮೆದು ಉಕ್ಕಿನ ಕಿಡಿ ಉದ್ದವಾಗಿ, ಹೆಚ್ಚು ಕವಲೊಡೆಯದೆ ಹಾರುತ್ತದೆ, ಇಂಗಾಲ ಹೆಚ್ಚಿದಷ್ಟೂ ಅದು ಸುರುಸುರುಬತ್ತಿಯಂತೆ ಒಡೆಯುತ್ತದೆ, ಬೀಡಿನದು ಗಿಡ್ಡ, ಮಂಕು ಕೆಂಪು. ಹಿತ್ತಾಳೆ, ಅಲ್ಯೂಮಿನಿಯಂ ಕಿಡಿ ಕೊಡುವುದೇ ಇಲ್ಲ, ಕಲ್ಲಿಗೆ ಮೆತ್ತಿಕೊಳ್ಳುವುದರಿಂದ ಅವನ್ನು ಗ್ರೈಂಡರಿಗೆ ಹಿಡಿಯಲೂಬಾರದು.

ತೂಕವನ್ನು ತಕ್ಕಡಿಗೆ ಮುಂಚೆಯೇ ತಿಳಿಯಬಹುದು. ದುಂಡು ಉಕ್ಕಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 25 ಮಿ.ಮೀ. ಸರಳಾದರೆ 625ನ್ನು 162ರಿಂದ ಭಾಗಿಸಿ, ಸುಮಾರು 3.86 ಕೆಜಿ. ಅಲ್ಯೂಮಿನಿಯಂ ಇದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತೂಗುತ್ತದೆ.

ನೀವು ತಂದ ಶಾಫ್ಟನ್ನು ಎಸೆಯಬೇಡಿ. ಬಚ್ಚಲ ಒಲೆಯ ಕೆಂಡಕ್ಕೆ ಗಾಳಿ ಊದಿ, ಅಯಸ್ಕಾಂತ ಹಿಡಿಯದಷ್ಟು, ಅದಕ್ಕಿಂತಲೂ ಕೊಂಚ ಹೆಚ್ಚು ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರೆ ಅದು ಬಹುಪಾಲು ಮೆದುವಾಗುತ್ತದೆ. ಗ್ಯಾಲ್ವನೈಸ್ ಆದ ವಸ್ತುವನ್ನು ಮಾತ್ರ ಹೀಗೆ ಕಾಯಿಸಬೇಡಿ, ಸತುವಿನ ಹೊಗೆಯಿಂದ ಜ್ವರ ಬರುತ್ತದೆ. ಶಾಕ್ ಅಬ್ಸಾರ್ಬರನ್ನು ಕೊಯ್ಯಲೂ ಬೇಡಿ, ಒಳಗೆ ಒತ್ತಡದ ಅನಿಲ ಇರಬಹುದು.

ಇನ್ನೊಂದು ಮಾತು. ತಾಮ್ರ, ಹಿತ್ತಾಳೆಯನ್ನು ಮನೆಬಾಗಿಲಿಗೆ ಬಂದು ಮಾರುವ ಅಪರಿಚಿತರಿಂದ ಕೊಳ್ಳದಿರಿ. ಅದು ಯಾರದೋ ತೋಟದ ಪಂಪಿನದಾಗಿದ್ದರೆ, ಕದ್ದ ಮಾಲೆಂದು ತಿಳಿದೂ ಕೊಂಡ ಆರೋಪಕ್ಕೆ ಉತ್ತರ ಕೊಡಬೇಕಾದವರು ನೀವು. ಅಂಗಡಿಯಲ್ಲೇ ಕೊಂಡು ಚೀಟಿ ಪಡೆಯಿರಿ.

ಪ್ರಶ್ನೆ: ಮರ ಕೊಯ್ಯುವ ಎರಡು ಚೈನ್‌ಸಾ ಕೆಟ್ಟು ಮನೆಯಲ್ಲಿ ಬಿದ್ದಿವೆ. ಅವುಗಳ ಅಲ್ಯೂಮಿನಿಯಂ ಒಡಲನ್ನು ಲೇತಿನಲ್ಲಿ ಬಳಸಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಅದು ಅಲ್ಯೂಮಿನಿಯಮ್ಮೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅನೇಕ ಚೈನ್‌ಸಾಗಳ ಒಡಲು ಮೆಗ್ನೀಸಿಯಂ ಮಿಶ್ರಲೋಹದ್ದು. ಅದರ ಸಣ್ಣ ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಸುರಿದಷ್ಟೂ ಉರಿ ಹೆಚ್ಚುತ್ತದೆ, ಒಣ ಮರಳನ್ನೇ ಮುಚ್ಚಬೇಕು. ಒಂದು ಮೂಲೆಯನ್ನು ಅರದಿಂದ ಉಜ್ಜಿ ಹೊಳಪು ತಂದು ವಿನೆಗರ್ ತೊಟ್ಟಿಕ್ಕಿಸಿ. ಗುಳ್ಳೆಯೆದ್ದು ನೊರೆ ಬಂದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಅಂಗಡಿಯ ಅಗ್ಗದ ವಿನೆಗರ್ ಸಾಕು, ನಮ್ಮ ಕೊಡಗಿನ ಹುಳಿಯಾದ ಕಾಚಂಪುಳಿ ಪಂದಿ ಕರಿಗೇ ಇರಲಿ. ನೊರೆ ಬಂದ ಒಡಲನ್ನು ಲೇತಿಗೆ ಹಾಕದೆ, ಅದು ಮೆಗ್ನೀಸಿಯಂ ಎಂದು ಹೇಳಿಯೇ ಗುಜರಿಗೆ ಕೊಟ್ಟುಬಿಡಿ.