ಬಿಳಿ ಪಾರ್ಕಾಗೆ ಅಂಟಿದ ಕಪ್ಪು ಬೆಲ್ಟ್

ನಿಮ್ಮ 1/6 ಅಳತೆಯ ಜರ್ಮನ್ ಸೈನಿಕನ ಬೊಂಬೆಯ ಬಿಳಿ ಪಾರ್ಕಾಗೆ, ಅಂದರೆ ಟೊಪ್ಪಿಗೆಯಿರುವ ಚಳಿಗಾಲದ ಕೋಟಿಗೆ, ಬೆಲ್ಟ್ ಕಪ್ಪಗೆ ಅಂಟಿದೆ ಅಂದಿರಲ್ಲ, ಅದು ಹೆಚ್ಚಾಗಿ ಬೂಸ್ಟು ಅಲ್ಲ, ಬೆಲ್ಟಿನ ರೆಕ್ಸಿನ್ನೇ ಹಾಳಾಗಿರುವುದು. ಮೇಲಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ, ಡಬ್ಬಿಯಿಂದ ಹೊರಗೇ ತೆಗೆಯದಿದ್ದರೂ. ನನ್ನದರಲ್ಲಿ ಗುಂಡಿನ ಚೀಲಗಳು ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟುತ್ತಿದ್ದವು.

ಸುಮ್ನೆ ಎಳೆಯಬೇಡಿ. ಮೊದಲು ಬಕಲ್ ಬಿಚ್ಚಿ, ಅಂಟಿದ ಕಡೆ ಹಲ್ಲುಕಡ್ಡಿ ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬಕಲ್ ಎತ್ತಿಡಿ, ಹೊಸ ಬೆಲ್ಟಿಗೆ ಬೇಕು. ಆಮೇಲೆ ಪಾರ್ಕಾ ಕಳಚಿ, ಆದರೆ ಅಂಗೈಗಳನ್ನು ಮೊದಲೇ ಕಿತ್ತಿಡಿ, ಇಲ್ಲದಿದ್ದರೆ ತೋಳು ಎಳೆಯುವಾಗ ಮಣಿಕಟ್ಟಿನ ಗೂಟ ಪಟ್ ಅಂತ ಮುರಿಯುತ್ತದೆ. ಕಲೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯನ್ನು ಒತ್ತಿ ಒತ್ತಿ ತೆಗೆಯಿರಿ, ಉಜ್ಜಿದರೆ ಇನ್ನೂ ಜಾಸ್ತಿ ಹರಡುತ್ತದೆ. ಅದಕ್ಕೂ ಮುಂಚೆ ಒಳಬದಿಯ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ, ಈ ಪಾರ್ಕಾ ತಿರುಗಿಸಿಯೂ ಹಾಕುವಂಥದ್ದು, ಒಳಗಿನ ಬೇರೆ ಬಣ್ಣ ಬಿಳಿಗೆ ಇಳಿದರೆ ಕಷ್ಟ. ಕಲೆ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ.

ಉಳಿದರೂ ಪರವಾಗಿಲ್ಲ ಬಿಡಿ. ಎರಡನೇ ಮಹಾಯುದ್ಧದಲ್ಲಿ, 1942-43ರ ಚಳಿಗಾಲಕ್ಕೆ, ಪೂರ್ವ ರಣರಂಗಕ್ಕೆ (ರಷ್ಯಾ ಕಡೆಗೆ) ಬಂದ ಆ ಎರಡು ಮಗ್ಗುಲಿನ ಪಾರ್ಕಾಗಳ ಬಿಳಿ ಬದಿ ಬಹಳ ಬೇಗ ಕೊಳೆಯಾಗುತ್ತಿತ್ತು, ಮೇಲೆ ತೆಳುವಾಗಿ ಕಂದು ಪುಡಿಬಣ್ಣ ಸವರಿದರೆ ಕಲೆ ಅದರಲ್ಲೇ ಸೇರಿಹೋಗುತ್ತದೆ.

ಹೊಸ ಬೆಲ್ಟಿಗೆ ತೆಳು ನಿಜವಾದ ಚರ್ಮವನ್ನೇ ಕತ್ತರಿಸಿ. ಅಸಲಿ ಬೆಲ್ಟ್ ಸುಮಾರು 45 ಮಿ.ಮೀ. ಅಗಲ, ಹಾಗಾಗಿ ನಿಮಗೆ 7.5 ಮಿ.ಮೀ. ಸಾಕು. ಬೂಟುಗಳನ್ನೂ ಈಗಲೇ ಒತ್ತಿ ನೋಡಿ, ಅಂಟಂಟು ಅನ್ನಿಸಿದರೆ ಬೇರೆ ಡಬ್ಬಿಗೆ ಹಾಕಿ.