ರೆಫರಿಗೆ ಬೈದರೆ ಸುಮ್ನಿರಬೇಕಾ?

ಪ್ರಶ್ನೆ: ಸರ್, ನನಗೆ 24 ವರ್ಷ. ಸುತ್ತಮುತ್ತಲ ಊರುಗಳ ಜಾತ್ರೆ ಟೂರ್ನಮೆಂಟ್‌ಗಳಿಗೆ ವಾಲಿಬಾಲ್ ರೆಫರಿಯಾಗಿ ಹೋಗುತ್ತೇನೆ. ಹೋದ ತಿಂಗಳು ನೆಟ್ ಟಚ್ (ಆಟಗಾರ ನೆಟ್ ಮುಟ್ಟಿದ ತಪ್ಪು) ಕೊಟ್ಟೆ ಅಂತ ಒಬ್ಬ ಆಟಗಾರ ನನ್ನ ತಾಯಿ ಹೆಸರೆತ್ತಿ ಬೈದ. ಜಗಳ ಬೇಡ ಅಂತ ಕೇಳಿಸದವನ ಹಾಗೆ ಇದ್ದೆ. ಮೂರನೇ ಸೆಟ್ ಹೊತ್ತಿಗೆ ಎರಡೂ ಟೀಮಿನವರು ಬೈಯತೊಡಗಿದರು. ನಾನು ಏನು ಮಾಡಬೇಕಿತ್ತು?
— ಒಬ್ಬ ಓದುಗ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ಮೊದಲ ಬೈಗುಳಕ್ಕೇ ಸೀಟಿ ಊದಬೇಕಿತ್ತು. ನಿನಗೆ ಕೇಳಿಸಿದೆ ಅಂತ ಕೋರ್ಟ್‌ನಲ್ಲಿದ್ದ ಹನ್ನೆರಡೂ ಜನಕ್ಕೆ ಗೊತ್ತಿತ್ತು. ಉಳಿದವರಿಗೆ ಧೈರ್ಯ ಬಂದದ್ದು ಅಲ್ಲಿಂದಲೇ.

"ಕಣ್ಣು ಕಾಣ್ಸಂಗಿಲ್ಲೇನ್ರಿ?" ಅಂತ ಸಿಟ್ಟಲ್ಲಿ ಒಮ್ಮೆ ಕೂಗಿದರೆ ಅದು ಬರೀ ತಕರಾರು. ಕ್ಯಾಪ್ಟನ್‌ನ ಕರೆದು ಹೇಳು, ಮತ್ತೆ ಕೂಗಿದರೆ ಹಳದಿ ಕಾರ್ಡ್. ಹಳದಿಗೆ ಪಾಯಿಂಟ್ ಹೋಗಲ್ಲ. ಅಸಭ್ಯವಾಗಿ ನಡೆದುಕೊಂಡರೆ ಕೆಂಪು, ಆಗ ಎದುರು ಟೀಮಿಗೆ ಒಂದು ಪಾಯಿಂಟ್, ಸರ್ವೀಸೂ ಅವರಿಗೇ. ಆದರೆ ತಾಯಿ ಹೆಸರೆತ್ತಿ ಬೈಯುವುದು ಇದಕ್ಕಿಂತ ದೊಡ್ಡದು, ಅದಕ್ಕೆ ಎಚ್ಚರಿಕೆ ಕೊಡುತ್ತ ಕೂರಬೇಕಿಲ್ಲ, ಕೆಂಪು ಹಳದಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತೋರಿಸಿದರೆ ಆ ಸೆಟ್ ಮುಗಿಯುವ ತನಕ ಅವನು ಹೊರಗೆ. ಮತ್ತೆ ಹಾಗೇ ಬೈದರೆ, ಅಥವಾ ಹೊಡೆಯಲು ಬಂದರೆ, ಎರಡು ಕೈಯಲ್ಲಿ ಒಂದೊಂದು ಕಾರ್ಡ್. ಪಂದ್ಯದಿಂದಲೇ ಹೊರಗೆ. ಫುಟ್‌ಬಾಲ್‌ನಲ್ಲೂ ಹೀಗೇ ಅಲ್ವಾ, ವಾದಕ್ಕೆ ಹಳದಿ, ಬೈಗುಳಕ್ಕೆ ನೇರ ಕೆಂಪು.

ಇನ್ನೊಂದು. ರೆಫರಿ ಹತ್ತಿರ ಕೇಳುವ ಹಕ್ಕು ಕೋರ್ಟ್‌ನಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ. ಅವನು ಕೇಳಿದರೆ ಸಮಾಧಾನವಾಗಿ ನಿಯಮ ಬಿಡಿಸಿ ಹೇಳು. ಒಪ್ಪದಿದ್ದರೆ ಪಂದ್ಯದ ಕೊನೆಗೆ ಸ್ಕೋರ್ ಶೀಟ್‌ನಲ್ಲಿ ತಕರಾರು ಬರೆಯಲಿ, ಆದರೆ ಬರೆಯುತ್ತೇನೆ ಅಂತ ಆಗಲೇ ಹೇಳಿರಬೇಕು.

ಜಾತ್ರೆ ಟೂರ್ನಮೆಂಟಿನ ಕಷ್ಟ ನನಗೂ ಗೊತ್ತು, ಕಲಬುರಗಿ, ಬೀದರ್ ಕಡೆ ವರ್ಷಗಟ್ಟಲೆ ಸೀಟಿ ಊದಿದವನು ನಾನು. ನೀನು ಕಾರ್ಡ್ ತೆಗೆದ ಕೂಡಲೇ ಕಮಿಟಿಯವರೇ ಬಂದು "ಹೋಗ್ಲಿ ಬಿಡ್ರಿ, ನಮ್ಮೂರ ಹುಡುಗ" ಅಂತಾರೆ. ಬೈಗುಳಕ್ಕಿಂತ ಜಾಸ್ತಿ ನೋವು ಕೊಡುವ ಮಾತು ಅದು. ಅದಕ್ಕೇ ಟಾಸ್ ಹೊತ್ತಲ್ಲೇ ಕಮಿಟಿಯವರನ್ನೂ ಇಬ್ಬರು ಕ್ಯಾಪ್ಟನ್‌ಗಳನ್ನೂ ನಿಲ್ಲಿಸಿಕೊಂಡು, ಬೈದವನನ್ನು ಹೊರಗೆ ಕಳಿಸ್ತೀನಿ ಅಂತ ಹೇಳಿಬಿಡು. ಒಪ್ಪದಿದ್ದರೆ ರೆಫರಿ ನಿಲ್ಲುವ ಸ್ಟ್ಯಾಂಡ್ ಹತ್ತಲೇಬೇಡ. ಹತ್ತಿದ ಮೇಲೆ ಜಗಳಕ್ಕೆ ಅಂತ ಇಳಿಯಬೇಡ, ತಿರುಗಿ ಬೈಯಲೂಬೇಡ. ಯಾವ ನಂಬರಿನವನು, ಯಾವ ಸೆಟ್, ಸ್ಕೋರ್ ಎಷ್ಟಿತ್ತು, ಏನಂದ, ಎಲ್ಲವನ್ನೂ ಅಲ್ಲೇ ಸ್ಕೋರ್ ಶೀಟ್‌ನಲ್ಲಿ ಬರೆಸು.