ಸಾಗಿಸುವ ಸರಕಿನೊಳಗಿನ ಹೊರದೇಶದ ಇರುವೆಗಳನ್ನು ಗಿಡಮೂಲದ ಆವಿಯಿಂದ ಕೊಲ್ಲಬಹುದೇ?

ಕೊಲ್ಲಬಹುದು, ಆದರೆ ಎಲ್ಲ ಸರಕಿಗೂ ಇದು ಹೊಂದುವುದಿಲ್ಲ. ಚಿಕ್ಕಮಗಳೂರಿನ ನರ್ಸರಿ ಕುಂಡಕ್ಕೆ ಯೋಚಿಸಬಹುದು, ಕಾಫಿ ಮೂಟೆಗೆ ಬೇಡ.

ಇರುವೆಗೆ ಶ್ವಾಸಕೋಶವಿಲ್ಲ. ಮೈಯ ಎರಡೂ ಪಕ್ಕದ ಸಣ್ಣ ತೂತುಗಳಿಂದ ಗಾಳಿ ಒಳಗಿನ ಕೊಳವೆಗಳಿಗೆ ಹೋಗುತ್ತದೆ. ಮುಚ್ಚಿದ ಕಂಟೇನರ್‌ನಲ್ಲಿ ತುಂಬಿದ ಆವಿಯೂ ಅದೇ ದಾರಿ ಹಿಡಿಯುತ್ತದೆ. ಸಾಸಿವೆಯನ್ನೇ ನೋಡಿ. ಇಡೀ ಕಾಳಿಗೆ ಘಾಟಿಲ್ಲ. ನೀರು ಹಾಕಿ ಅರೆದಾಗ ಕಾಳಿನೊಳಗಿನ ಎಂಜೈಮ್ ಕೆಲಸ ಶುರುಮಾಡಿ, ಅಲೈಲ್ ಐಸೋಥಯೋಸಯನೇಟ್ ಎಂಬ ವಸ್ತು ಹುಟ್ಟುತ್ತದೆ. ಮೂಗಿಗೆ ರಪ್ಪನೆ ಹೊಡೆಯುವುದು ಅದೇ. ಇರುವೆಯ ಮೈಯೊಳಗಿನ ಪ್ರೋಟೀನುಗಳಿಗೆ ಅದು ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ನಮ್ಮ ಕಣ್ಣು, ಗಂಟಲಿಗೂ ಅದು ಅಪಾಯವೇ. ಹಾಗಾಗಿ ತರಬೇತಿ ಇರುವವರೇ ಮಾಡಬೇಕು.

ಸುಮ್ನೆ ಇಂಥ ಘಾಟಿನ ಎಣ್ಣೆ ಚಿಮುಕಿಸಿದರೆ ಸಾಲದು. ಕೆಲಸಗಾರ ಇರುವೆಗಳೆಲ್ಲ ಸತ್ತರೂ ಕುಂಡದ ನಡುವೆ ರಾಣಿ ಉಳಿದರೆ ಗೂಡು ಮತ್ತೆ ಬೆಳೆಯಬಹುದು. ಮಣ್ಣು ಆವಿಯನ್ನು ಹೀರಿಕೊಳ್ಳುವುದರಿಂದ ಅವಳವರೆಗೆ ಮುಟ್ಟಿಸುವುದೇ ನಿಜವಾದ ಕಷ್ಟ. ಪ್ರಮಾಣ ಜಾಸ್ತಿ ಮಾಡಿದರೆ ಗಿಡದ ಎಲೆಯೇ ಸುಡುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಸರಕಿನ ಕೀಟ ಕೊಲ್ಲಲು ಬಳಸುತ್ತಿದ್ದ ಹಳೆಯ ಅನಿಲವಾದ ಮೀಥೈಲ್ ಬ್ರೋಮೈಡ್ ಓಝೋನ್ ಪದರವನ್ನು ಹಾಳುಮಾಡುತ್ತದೆ. ಮಾಂಟ್ರಿಯಲ್ ಒಪ್ಪಂದದಡಿ 2015ರ ಹೊತ್ತಿಗೆ ಅದರ ಸಾಮಾನ್ಯ ಬಳಕೆ ನಿಲ್ಲಬೇಕಿತ್ತು. ಕ್ವಾರಂಟೈನ್ (ಹೊರಗಿನ ಕೀಟ ಒಳಬರದಂತೆ ತಡೆಯುವ ಕೆಲಸ), ಸಾಗಣೆಗೆ ಮುಂಚಿನ ಉಪಚಾರದಂಥ ಕೆಲವು ಬಳಕೆಗೆ ವಿನಾಯಿತಿ ಇದೆ.

ಕಾಫಿಗೆ ಬೇಡ ಅಂದಿದ್ದಕ್ಕೆ ಕಾರಣ, ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಸಾಸಿವೆ, ನೀಲಗಿರಿ ಘಾಟು ಹಿಡಿದ ಕಾಫಿಯನ್ನು ಯಾರೂ ಕೊಳ್ಳುವುದಿಲ್ಲ ಅಲ್ವಾ? ಅಲ್ಲಿ ಮೂಟೆ ತುಂಬುವ ಮೊದಲೇ ಖಾಲಿ ಕಂಟೇನರ್ ಮತ್ತು ಮೂಟೆ ಇಡುವ ಮರದ ಪ್ಯಾಲೆಟ್‌ಗಳ ಸಂದು ನೋಡಿ, ಗೂಡಿದ್ದರೆ ತೆಗೆಸಿ.